ಮಣ್ಣಿನ ಜಾತಕ ಬರೆದವನು

ಹುಬ್ಬಳ್ಳಿಯ ಕಡೆಯಿಂದ ಮೈಸೂರಿನ ಕಡೆಗೆ ಹಗಲು ಹೊತ್ತಿನ ರೈಲಿನಲ್ಲಿ ಬಂದವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತೀರಿ. ಹೊರಟಾಗ ಕಿಟಕಿಯಾಚೆ ಕಣ್ಣು ಹರಿಯುವಷ್ಟು ದೂರವೂ ಕಪ್ಪು ನೆಲ. ದಾವಣಗೆರೆ ದಾಟಿ ಅರಸೀಕೆರೆಯ ಹತ್ತಿರ ಬರುವ ವೇಳೆಗೆ ಆ ಕಪ್ಪು ಎಲ್ಲಿ ಮಾಯವಾಯಿತೋ, ನೆಲವೆಲ್ಲ ಕೆಂಪು. ಜೊತೆಯಲ್ಲಿ ಚಿಕ್ಕ ಮಕ್ಕಳಿದ್ದರೆ, “ಮಣ್ಣಿಗೇಕೆ ಬಣ್ಣ ಬದಲಾಯಿತು?” ಎಂದು ಕೇಳದೆ ಬಿಡುವುದಿಲ್ಲ. ಬುತ್ತಿಯ ಗಂಟನ್ನು ಬಿಚ್ಚುತ್ತ ನಾವು ಕೊಡುವ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಅಲ್ಲಿಯ ಕಲ್ಲು ಬೇರೆ, ಇಲ್ಲಿಯ ಕಲ್ಲು ಬೇರೆ, ಕಲ್ಲು ಪುಡಿಯಾದರೆ ಮಣ್ಣು.”

ಈ ಉತ್ತರ ಪೂರಾ ಸುಳ್ಳಲ್ಲ. ನೂರೈವತ್ತು ವರ್ಷಗಳ ಹಿಂದೆ ಯೂರೋಪಿನ ದೊಡ್ಡ ದೊಡ್ಡ ಪಂಡಿತರೂ ಇದಕ್ಕಿಂತ ಹೆಚ್ಚಿನದೇನನ್ನೂ ಹೇಳುತ್ತಿರಲಿಲ್ಲ. ಭೂಗರ್ಭಶಾಸ್ತ್ರಜ್ಞನಿಗೆ ಮಣ್ಣೆಂದರೆ ತನಗೆ ಬೇಕಾದ ಬಂಡೆಯನ್ನು ಮರೆಮಾಡಿದ ಪುಡಿ, ಕೆದರಿ ಆಚೆಗೆ ಎಸೆಯತಕ್ಕ ಕಸ. ರಸಾಯನಶಾಸ್ತ್ರಜ್ಞನಿಗೆ, ಮುಖ್ಯವಾಗಿ 1840ರಲ್ಲಿ ಜರ್ಮನಿಯ ಲೀಬಿಗ್ ಬರೆದ ಗ್ರಂಥವನ್ನು ಓದಿದವನಿಗೆ, ಮಣ್ಣು ಒಂದು ಉಗ್ರಾಣ. ಪೈರು ಇಷ್ಟು ಪೊಟ್ಯಾಷ್, ಇಷ್ಟು ರಂಜಕ ತೆಗೆದುಕೊಂಡಿತು. ಅಷ್ಟನ್ನು ಮತ್ತೆ ತುಂಬಿದರೆ ಲೆಕ್ಕ ಸರಿಹೋಯಿತು. ಮಣ್ಣಿಗೂ ಒಂದು ಹುಟ್ಟು ಇದೆ, ವಯಸ್ಸು ಇದೆ, ಅದು ಬೆಳೆಯುತ್ತದೆ, ದಣಿಯುತ್ತದೆ ಎಂದು ಹೇಳಿದವರು ಇಲ್ಲವೇ ಇಲ್ಲವೆನ್ನಲಾಗದು. ಆದರೆ ಅದನ್ನು ಊರೂರು ಅಲೆದು, ಗುಂಡಿ ತೋಡಿ, ಅಳೆದು, ನಕ್ಷೆ ಬರೆದು, ಯಾರೂ ಅಲ್ಲಗಳೆಯಲಾಗದಂತೆ ಸ್ಥಾಪಿಸಿದವನು ರಷ್ಯದ ವಸಿಲಿ ವಸಿಲ್ಯೆವಿಚ್ ಡೊಕುಚಾಯೆವ್.

ಡೊಕುಚಾಯೆವ್ ಹುಟ್ಟಿದ್ದು 1846ರಲ್ಲಿ, ಸ್ಮೊಲೆನ್ಸ್ಕ್ ಪ್ರಾಂತ್ಯದ ಮಿಲ್ಯುಕೊವೊ ಎಂಬ ಹಳ್ಳಿಯಲ್ಲಿ. ತಂದೆ ಊರಿನ ಚರ್ಚಿನ ಪಾದ್ರಿ. ಪಾದ್ರಿಯ ಮಗ ಪಾದ್ರಿಯಾಗುವುದು ಆ ಕಾಲದ ರಷ್ಯದಲ್ಲಿ ರೂಢಿ. ನಮ್ಮಲ್ಲಿ ಅರ್ಚಕರ ಮಗ ಅರ್ಚಕನಾದಂತೆ. ಹುಡುಗನನ್ನು ಧಾರ್ಮಿಕ ಪಾಠಶಾಲೆಗೂ, ಅಲ್ಲಿಂದ ಸ್ಮೊಲೆನ್ಸ್ಕಿನ ಸೆಮಿನರಿಗೂ ಕಳುಹಿಸಿದರು. 1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಧಾರ್ಮಿಕ ಅಕಾಡೆಮಿಗೆ ಸೇರಿದ ಈತ ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟು, ಅದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಪ್ರಕೃತಿ ವಿಜ್ಞಾನದ ವಿದ್ಯಾರ್ಥಿಯಾದ. ಮೆಂಡಲೀಫನಂಥವರು ಅಲ್ಲಿ ಪಾಠ ಹೇಳುತ್ತಿದ್ದ ಕಾಲ ಅದು. 1871ರಲ್ಲಿ ಪದವಿಗಾಗಿ ಈತ ಬರೆದ ಪ್ರಬಂಧದ ವಿಷಯ, ತನ್ನ ಹಳ್ಳಿಯ ಮಗ್ಗುಲಲ್ಲಿ ಹರಿಯುವ ಕಚ್ನಾ ಎಂಬ ಸಣ್ಣ ಹೊಳೆ ತಂದು ಹಾಕಿದ ಮೆಕ್ಕಲು ಮಣ್ಣು. ಮುಂದೆ ಅಲ್ಲಿಯೇ ಭೂಗರ್ಭ ವಿಭಾಗದಲ್ಲಿ ಕೆಲಸ ದೊರೆಯಿತು.

ಇಲ್ಲಿಯವರೆಗೆ ಈತನೂ ಬಂಡೆಯನ್ನು ನೋಡುವ ಜಾತಿಯವನೇ. ಮಣ್ಣಿನ ಕಡೆಗೆ ಈತನನ್ನು ತಿರುಗಿಸಿದ್ದು ಬರಗಾಲ.

ರಷ್ಯದ ದಕ್ಷಿಣಕ್ಕೆ, ಇಂದಿನ ಯುಕ್ರೇನಿನಿಂದ ಹಿಡಿದು ವೋಲ್ಗಾ ನದಿಯನ್ನು ದಾಟಿ ಉರಲ್ ಪರ್ವತಗಳ ಕಡೆಗೆ, ಅಗಲವಾದ ಪಟ್ಟಿಯಂತೆ ಒಂದು ಕಪ್ಪು ನೆಲ ಹಾಸಿದೆ. ಮರಗಳಿಲ್ಲದ ಹುಲ್ಲುಗಾವಲು, ಸ್ಟೆಪ್ ಎಂದು ಅದರ ಹೆಸರು. ಆ ನೆಲವನ್ನು ಅಲ್ಲಿಯ ರೈತರು ‘ಚೆರ್ನೊಜ಼ೆಮ್’ ಎನ್ನುತ್ತಾರೆ. ಚೆರ್ನಿ ಎಂದರೆ ಕಪ್ಪು, ಜ಼ೆಮ್ಲ್ಯಾ ಎಂದರೆ ಭೂಮಿ. ಗೊಬ್ಬರ ಕಾಣದೆ ಗೋಧಿ ಕೊಡುತ್ತಿದ್ದ ಈ ನೆಲವೇ ರಷ್ಯದ ಕಣಜ. ಇಂಥ ನೆಲದಲ್ಲಿ 1873ರಲ್ಲೂ 1875ರಲ್ಲೂ ಮಳೆ ಕೈಕೊಟ್ಟು ಬೆಳೆ ಒಣಗಿತು. ಕಣಜವೇ ಬರಿದಾದರೆ ಮನೆ ನಡೆಯುವುದು ಹೇಗೆ? ಸೇಂಟ್ ಪೀಟರ್ಸ್‌ಬರ್ಗಿನ ‘ಸ್ವತಂತ್ರ ಆರ್ಥಿಕ ಸಂಘ’ದವರು ಈ ಕಪ್ಪು ಮಣ್ಣೆಂದರೇನು, ಎಲ್ಲಿಂದ ಬಂತು ಎಂಬುದನ್ನು ಪರೀಕ್ಷಿಸಿ ಹೇಳಲು ಡೊಕುಚಾಯೆವ್‌ನನ್ನು ಗೊತ್ತುಮಾಡಿದರು.

ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಆಗಲೇ ಬೇಕಾದಷ್ಟು ಉತ್ತರಗಳಿದ್ದುವು. ಹಿಂದೆ ಸಮುದ್ರವಿದ್ದು ಹಿಂದಕ್ಕೆ ಸರಿದಾಗ ಉಳಿದ ಕೆಸರೇ ಇದು ಎಂದು ಹದಿನೆಂಟನೆಯ ಶತಮಾನದ ಪ್ರವಾಸಿ ಪಲ್ಲಾಸ್ ಹೇಳಿದ್ದ. ಬ್ರಿಟನ್ನಿನ ಭೂಗರ್ಭಶಾಸ್ತ್ರಜ್ಞ ಮರ್ಚಿಸನ್, ಹಳೆಯ ಕಪ್ಪು ಪದರಗಲ್ಲು ನೀರಿನಲ್ಲಿ ಅರೆದುಹೋಗಿ ಹರಡಿದ್ದು ಎಂದ. ಒಣಗಿದ ಜೌಗುಭೂಮಿ ಎಂದವರು ಇನ್ನು ಕೆಲವರು. ಹುಲ್ಲು ಕೊಳೆತು ಆದದ್ದು ಎಂಬ ಮಾತೂ ಹೊಸದಲ್ಲ. ಪ್ರಾಣಿಗಳೂ ಗಿಡಗಳೂ ಕೊಳೆತು ಕಪ್ಪು ಮಣ್ಣಾಗುತ್ತದೆಂದು ಲೊಮೊನೋಸೊಫ್ 1763ರಲ್ಲಿಯೇ ಬರೆದಿದ್ದ. 1866ರಲ್ಲಿ ಸಸ್ಯಶಾಸ್ತ್ರಜ್ಞ ರುಪ್ರೆಕ್ಟ್ ಒಂದು ಸೊಗಸಾದ ಸಾಕ್ಷ್ಯವನ್ನು ಮುಂದಿಟ್ಟ. ಸ್ಟೆಪ್ಪಿನಲ್ಲಿ ಹಳೆಯ ಕಾಲದವರು ಕಟ್ಟಿದ ಸಮಾಧಿ ದಿಬ್ಬಗಳಿವೆ. ಆ ದಿಬ್ಬಗಳ ನೆತ್ತಿಯ ಮೇಲೂ ಕಪ್ಪು ಮಣ್ಣು ಕೂಡಿದೆ, ಆದರೆ ಪಕ್ಕದ ಬಯಲಿನಷ್ಟು ದಪ್ಪವಾಗಿ ಅಲ್ಲ. ದಿಬ್ಬ ಕಟ್ಟಿದ ಮೇಲೆ ಅಲ್ಲಿಗೆ ಯಾವ ಸಮುದ್ರವೂ ಬಂದಿಲ್ಲವಲ್ಲ! ಪಂಡಿತರು ತಮ್ಮ ತಮ್ಮ ಕುರ್ಚಿಗಳಲ್ಲಿ ಕುಳಿತು ಈ ವಾದವನ್ನು ಇನ್ನೂ ಎಷ್ಟು ಕಾಲ ನಡೆಸುತ್ತಿದ್ದರೋ ತಿಳಿಯದು.

ಡೊಕುಚಾಯೆವ್ ಕುರ್ಚಿ ಬಿಟ್ಟು ಎದ್ದ. 1877, 1878ರ ಎರಡು ಬೇಸಿಗೆಗಳಲ್ಲಿ ಕಪ್ಪು ನೆಲದ ನಾಡನ್ನು ಹತ್ತಾರು ಪ್ರಾಂತ್ಯಗಳಲ್ಲಿ ಸುತ್ತಿದ. ನಡೆದದ್ದು, ಗಾಡಿಯಲ್ಲಿ ಹೋದದ್ದು ಎಲ್ಲ ಸೇರಿ 10,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಹೋದಲ್ಲೆಲ್ಲ ಈತನ ಕೆಲಸ ಒಂದೇ, ಗುಂಡಿ ತೋಡಿಸುವುದು. ಗುಂಡಿಯ ಒಂದು ಗೋಡೆಯನ್ನು ಚಾಕುವಿನಿಂದ ನಯವಾಗಿ ಕೆತ್ತಿ, ಮೇಲಿನಿಂದ ಕೆಳಕ್ಕೆ ನೋಡುವುದು.

ನೀವೂ ಒಮ್ಮೆ ಆ ಗುಂಡಿಯೊಳಕ್ಕೆ ಇಳಿದಿರೆಂದು ಇಟ್ಟುಕೊಳ್ಳಿ. ಕಣ್ಣೆದುರಿಗೆ ಎರಡು ಮೂರು ಅಡಿಗಳಷ್ಟು, ಕೆಲವು ಕಡೆ ಅದಕ್ಕೂ ಹೆಚ್ಚು, ಕಾಡಿಗೆಯಂಥ ಮಣ್ಣು. ಕೈಗೆ ತೆಗೆದುಕೊಂಡರೆ ಅದು ಹಿಟ್ಟಿನಂತೆ ಉದುರುವುದಿಲ್ಲ, ಹೆಂಟೆಯಾಗಿಯೂ ಬರುವುದಿಲ್ಲ. ಜೋಳದ ಕಾಳಿನಂತೆ, ಕಡಲೆ ಕಾಳಿನಂತೆ ಬಿಡಿಬಿಡಿಯಾಗಿರುತ್ತದೆ. ಆ ಕಾಳುಗಳ ಸಂದಿಯಲ್ಲೆಲ್ಲ ಹುಲ್ಲಿನ ಬೇರು. ಈ ಪದರಕ್ಕೆ ಡೊಕುಚಾಯೆವ್ ‘ಎ’ ಎಂದು ಹೆಸರಿಟ್ಟ. ಅದರ ಕೆಳಗೆ ಕಪ್ಪು ಮೆಲ್ಲಮೆಲ್ಲನೆ ಕಂದಿ ಬೂದಿಗಂದಾಗುತ್ತ ಹೋಗುತ್ತದೆ, ಅದು ‘ಬಿ’. ಎಲ್ಲಕ್ಕೂ ಕೆಳಗೆ ತಿಳಿಹಳದಿಯ ಮೂಲದ್ರವ್ಯ, ಅದು ‘ಸಿ’. ಬಹುಪಾಲು ಕಡೆಗಳಲ್ಲಿ ಇದು ಹಿಂದಿನ ಕಾಲದಲ್ಲಿ ಗಾಳಿ ಹೊತ್ತು ತಂದು ಸುರಿದ ಲೋಯೆಸ್ ಎಂಬ ಧೂಳುಮಣ್ಣು. ಹಳದಿಯ ನಡುವೆ ಅಲ್ಲಲ್ಲಿ ಬಟ್ಟಲಿನಷ್ಟಗಲದ ಕಪ್ಪು ಬೊಟ್ಟುಗಳು, ಕಪ್ಪಿನ ನಡುವೆ ಹಳದಿ ಬೊಟ್ಟುಗಳು. ಇವು ಬಿಲ ತೋಡುವ ಪ್ರಾಣಿಗಳ ಹಳೆಯ ಬಿಲಗಳು. ಮೇಲಿನ ಮಣ್ಣು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಬಂದು ತುಂಬಿಕೊಂಡಿವೆ. ಇಡೀ ಗೋಡೆ ಒಂದು ಕೈಬರಹದ ಪುಸ್ತಕದಂತಿದೆ. ಆದರೆ ಅದನ್ನು ಬರೆದವರು ಹುಲ್ಲು, ಹುಳು, ಇಲಿ, ಹಿಮ, ಬಿಸಿಲು. ಎರೆಹುಳುಗಳು ಮಣ್ಣನ್ನು ಹೇಗೆ ಮಾಡುತ್ತವೆ ಎಂಬ ಡಾರ್ವಿನ್ನನ ಪುಸ್ತಕ 1881ರಲ್ಲಿ ಹೊರಬಂತೆಂಬುದನ್ನು ಇಲ್ಲಿ ನೆನೆಯಬಹುದು.

ಗುಂಡಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗ ಡೊಕುಚಾಯೆವ್‌ಗೆ ಎರಡು ಸಂಗತಿಗಳು ಕಂಡುವು. ಕೆಳಗೆ ಧೂಳುಮಣ್ಣಿರಲಿ, ಸುಣ್ಣಕಲ್ಲಿರಲಿ, ಜೇಡಿಯಿರಲಿ, ಮೇಲೆ ಕಪ್ಪು ಮಣ್ಣು ಬೆಳೆದೇ ಇದೆ. ಆದರೆ ಕೆಳಗಿನದು ಒಂದೇ ಬಗೆಯ ಧೂಳುಮಣ್ಣಾಗಿದ್ದರೂ, ಉತ್ತರಕ್ಕೆ ಹೋಗುತ್ತ ಕಾಡು ಬಂದಲ್ಲಿ ಮಣ್ಣು ಬೂದಿಬಣ್ಣವಾಗುತ್ತದೆ; ದಕ್ಷಿಣಕ್ಕೆ ಬಿಸಿಲು ಹೆಚ್ಚಿ ಹುಲ್ಲು ವಿರಳವಾದಂತೆ ಕಪ್ಪು ತೆಳ್ಳಗಾಗುತ್ತದೆ. ಕಲ್ಲು ಒಂದೇ, ಮಣ್ಣು ಬೇರೆ; ಕಲ್ಲು ಬೇರೆ, ಮಣ್ಣು ಒಂದೇ. ಕಲ್ಲಿನಿಂದಲೇ ಮಣ್ಣು ಎಂಬ ನಮ್ಮ ರೈಲುಗಾಡಿಯ ಉತ್ತರ ಇಲ್ಲಿಗೆ ಕುಸಿದುಬಿತ್ತು.

1883ರಲ್ಲಿ ‘ರಷ್ಯದ ಚೆರ್ನೊಜ಼ೆಮ್’ ಎಂಬ ಗ್ರಂಥ ಪ್ರಕಟವಾಯಿತು. ಮಣ್ಣಿನಲ್ಲಿ ಹ್ಯೂಮಸ್ ಅಂಶ, ಅಂದರೆ ಗಿಡಮರ ಕೊಳೆತು ಉಳಿದ ಕಪ್ಪು ಸಾರ, ಎಲ್ಲೆಲ್ಲಿ ಸಮನಾಗಿದೆ ಎಂದು ಗೆರೆ ಎಳೆದು ತೋರಿಸಿದ ನಕ್ಷೆಯೂ ಅದರಲ್ಲಿತ್ತು. ಮಣ್ಣು ಬಂಡೆಯ ಚೂರಲ್ಲ. ಗಿಡದಂತೆ, ಪ್ರಾಣಿಯಂತೆ, ಖನಿಜದಂತೆ ಅದೂ ಪ್ರಕೃತಿಯಲ್ಲಿ ತನ್ನದೇ ಆದ ಸ್ಥಾನವುಳ್ಳ ಒಂದು ವಸ್ತು ಎಂದು ಡೊಕುಚಾಯೆವ್ ಸಾರಿದ. ಅದನ್ನು ಹುಟ್ಟಿಸುವವರು ಐವರು: ತಳದ ಕಲ್ಲು, ಹವೆ, ಗಿಡವೂ ಪ್ರಾಣಿಯೂ ಸೇರಿದ ಜೀವರಾಶಿ, ನೆಲದ ಏರಿಳಿತ, ಕೊನೆಯದಾಗಿ ಕಾಲ. ಈ ಐದರಲ್ಲಿ ಒಂದು ಬದಲಾದರೂ ಮಣ್ಣು ಬದಲಾದೀತು. ಜಾತಕದಲ್ಲಿ ಗ್ರಹಸ್ಥಾನಗಳನ್ನು ಗುರುತಿಸುವಂತೆ, ಈ ಐದನ್ನು ಗುರುತಿಸಿದರೆ ಮಣ್ಣು ಯಾವ ಬಗೆಯದೆಂದು ಹೇಳಬಹುದು. ಜಾತಕದ ಮಾತು ಫಲಿಸೀತೋ ಇಲ್ಲವೋ, ಇದು ಮಾತ್ರ ಫಲಿಸಿತು. ಅಮೆರಿಕದಲ್ಲಿ ಹಿಲ್ಗಾರ್ಡ್ ಎಂಬ ವಿದ್ವಾಂಸನೂ ಹವೆಗೂ ಮಣ್ಣಿಗೂ ಇರುವ ನಂಟನ್ನು ಸ್ವತಂತ್ರವಾಗಿ ಕಂಡಿದ್ದನೆಂಬುದನ್ನು ಮರೆಯಬಾರದು. ಆದರೆ ಅದನ್ನೊಂದು ಶಾಸ್ತ್ರವನ್ನಾಗಿ ಕಟ್ಟಿದ ಹಿರಿಮೆ ಡೊಕುಚಾಯೆವ್‌ನದು.

ಈ ಶಾಸ್ತ್ರ ಮೊದಲು ಉಪಯೋಗಕ್ಕೆ ಬಂದದ್ದು ಕಂದಾಯಕ್ಕೆ ಎಂದರೆ ನಿಮಗೆ ನಗು ಬರಬಹುದು. ನಿಜ್ನಿ ನವ್ಗೊರೊದ್ ಪ್ರಾಂತ್ಯದ ಸ್ಥಳೀಯ ಆಡಳಿತದವರಿಗೆ, ಯಾವ ಜಮೀನು ಎಷ್ಟು ಬಾಳುತ್ತದೆಂದು ತಿಳಿದು ನ್ಯಾಯವಾದ ತೆರಿಗೆ ಹಾಕಬೇಕಾಗಿತ್ತು. ನಮ್ಮ ಸರ್ವೆ ಸೆಟಲ್‌ಮೆಂಟಿನವರು ತರಿ, ಖುಷ್ಕಿ, ಬಾಗಾಯ್ತು ಎಂದು ವಿಂಗಡಿಸಿದಂತೆಯೇ. 1882ರಿಂದ 1886ರ ವರೆಗೆ ಡೊಕುಚಾಯೆವ್ ತನ್ನ ಶಿಷ್ಯರೊಂದಿಗೆ ಆ ಪ್ರಾಂತ್ಯವನ್ನು ಶೋಧಿಸಿ 14 ಸಂಪುಟಗಳ ವರದಿ ಒಪ್ಪಿಸಿದ. ಮುಂದೆ ಇಂದಿನ ಯುಕ್ರೇನಿನಲ್ಲಿರುವ ಪೊಲ್ತಾವಾ ಪ್ರಾಂತ್ಯಕ್ಕೆ 16 ಸಂಪುಟಗಳು. ಶಿಷ್ಯರಾದರೂ ಸಾಮಾನ್ಯರಲ್ಲ. ಸಿಬಿರ್ತ್ಸೆಫ್ ಮುಂದೆ ಮಣ್ಣಿನ ವಿಜ್ಞಾನಕ್ಕೆಂದೇ ಏರ್ಪಟ್ಟ ಮೊದಲನೆಯ ಪ್ರಾಧ್ಯಾಪಕ ಪೀಠವನ್ನು ವಹಿಸಿದ. ಭೂಮಿಯ ಜೀವಗೋಳದ ಕಲ್ಪನೆಯನ್ನು ವಿಸ್ತರಿಸಿ ಹೆಸರಾದ ವೆರ್ನಾದ್ಸ್ಕಿಯೂ ಯೌವನದಲ್ಲಿ ಈ ಗುರುವಿನ ಗುಂಡಿಗಳಲ್ಲಿ ಇಳಿದವನೇ. 1889ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಡೊಕುಚಾಯೆವ್ ಇರಿಸಿದ ರಷ್ಯದ ಮಣ್ಣುಗಳ ಸಂಗ್ರಹಕ್ಕೆ ಚಿನ್ನದ ಪದಕ ಬಂತು.

ಚಿನ್ನದ ಪದಕ ಪಡೆದ ಆ ಮಣ್ಣಿನ ಮೇಲೆ ಎರಡು ವರ್ಷಗಳ ತರುವಾಯ ಜನ ಅನ್ನವಿಲ್ಲದೆ ಸತ್ತರು.

1891ರ ಬರ ಹಿಂದಿನವುಗಳಂತಲ್ಲ. ವೋಲ್ಗಾ ತೀರವೂ ಕಪ್ಪು ನೆಲದ ನಡುನಾಡೂ ಬೆಂದುಹೋದುವು. ಹಸಿವಿನಿಂದಲೂ, ಅದರ ಬೆನ್ನಿಗೇ ಬಂದ ಟೈಫಸ್, ಕಾಲರಾ ಬೇನೆಗಳಿಂದಲೂ ಮಡಿದವರು 4 ಲಕ್ಷದ ಆಸುಪಾಸು ಎಂದು ಚರಿತ್ರಕಾರರ ಅಂದಾಜು. ಟಾಲ್‌ಸ್ಟಾಯ್ ತನ್ನ ಬರವಣಿಗೆಯನ್ನು ಬದಿಗಿಟ್ಟು ರ್ಯಾಜ಼ಾನ್ ಪ್ರಾಂತ್ಯದ ಹಳ್ಳಿಗಳಲ್ಲಿ ಗಂಜಿಕೇಂದ್ರಗಳನ್ನು ನಡೆಸಿದ್ದು ಆಗಲೇ. ಮಳೆ ಬರಲಿಲ್ಲ, ದೇವರ ಇಚ್ಛೆ ಎಂದರು ಹಲವರು. ಡೊಕುಚಾಯೆವ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. 1892ರಲ್ಲಿ ‘ನಮ್ಮ ಸ್ಟೆಪ್ಪುಗಳು: ಅಂದು, ಇಂದು’ ಎಂಬ ಪುಸ್ತಕ ಬರೆದು, ಅದರ ಉತ್ಪತ್ತಿಯನ್ನು ಬರಪೀಡಿತರಿಗೆ ಮೀಸಲಿಟ್ಟ. ನನ್ನ ಮಟ್ಟಿಗೆ ಈತನ ಬರಹಗಳಲ್ಲೆಲ್ಲ ಈ ಚಿಕ್ಕ ಪುಸ್ತಕವೇ ದೊಡ್ಡದು. ‘ಚೆರ್ನೊಜ಼ೆಮ್’ ಗ್ರಂಥ ಮಣ್ಣು ಹೇಗೆ ಹುಟ್ಟಿತೆಂದು ಹೇಳಿತು. ಇದು ಮಣ್ಣು ಹೇಗೆ ಸಾಯುತ್ತದೆಂದು ಹೇಳಿತು.

ವಾದ ಹೀಗೆ ಸಾಗುತ್ತದೆ. ಸ್ಟೆಪ್ಪಿನಲ್ಲಿ ಮಳೆ ಮೊದಲಿನಿಂದಲೂ ಕಡಮೆಯೇ. ಅಲ್ಲಿಯ ನೆಲಕ್ಕೆ ನೀರು ಕೊಡುವುದರಲ್ಲಿ ಚಳಿಗಾಲದ ಹಿಮಕ್ಕೆ ದೊಡ್ಡ ಪಾಲು. ಹಿಂದೆ ಎತ್ತರವಾದ ಹುಲ್ಲು ಹಿಮವನ್ನು ಹಿಡಿದು ನಿಲ್ಲಿಸುತ್ತಿತ್ತು. ವಸಂತದಲ್ಲಿ ಅದು ಕರಗಿದಾಗ, ಸತ್ತ ಹುಲ್ಲಿನ ಕಂಬಳಿಯ ಕೆಳಗೆ ಕಾಳುಕಾಳಾದ ಮಣ್ಣು ನೀರನ್ನೆಲ್ಲ ಹೀರಿ ಬೇಸಿಗೆಗೆ ಕಾದಿಡುತ್ತಿತ್ತು. ಜನ ಹೆಚ್ಚಿದರು, ಗೋಧಿಗೆ ಬೆಲೆ ಬಂತು. ಹುಲ್ಲುಗಾವಲೆಲ್ಲ ನೇಗಿಲಿಗೆ ಸಿಕ್ಕಿತು, ನದಿಯ ದಂಡೆಯ ಕಾಡು ಕೊಡಲಿಗೆ ಸಿಕ್ಕಿತು. ಬರಿಬಯಲಿನ ಹಿಮವನ್ನು ಗಾಳಿ ಹೊಡೆದುಕೊಂಡು ಹೋಗಿ ಹಳ್ಳಕ್ಕೆ ತುಂಬಿತು. ಉಳುವುದರಿಂದ ಕಾಳು ಒಡೆದು ಹಿಟ್ಟಾದ ಮಣ್ಣು ನೀರು ಕುಡಿಯುವುದನ್ನು ಬಿಟ್ಟಿತು. ಕುಡಿಯದ ನೀರು ಹರಿಯಿತು. ಹರಿದ ನೀರು ನೆಲ ಕೊರೆಯಿತು. ಕೊರಕಲುಗಳು ಬೆಳೆಯುತ್ತ ಬಂದು ಅಂತರ್ಜಲವನ್ನೂ ಬಸಿದುಬಿಟ್ಟುವು. ಬಾವಿ ಬತ್ತಿತು. ಹೀಗೆ ನೆಲ ಎಷ್ಟೋ ವರ್ಷಗಳಿಂದ ಒಣಗುತ್ತ ಬಂದಿತ್ತು. 1891ರಲ್ಲಿ ಮಳೆ ತಪ್ಪಿದ್ದು ಕೊನೆಯ ಪೆಟ್ಟು ಅಷ್ಟೆ. ಈ ಕಪ್ಪು ಮಣ್ಣನ್ನು ಡೊಕುಚಾಯೆವ್ ಒಂದು ಜಾತಿವಂತ ಅರಬ್ಬೀ ಕುದುರೆಗೆ ಹೋಲಿಸಿದ್ದಾನೆ. ಓಡಿಸಿ ಓಡಿಸಿ, ಬಡಿದು, ಅದು ನೆಲಕ್ಕೆ ಬಿದ್ದಿದೆ; ಆರೈಕೆ ಮಾಡಿದರೆ ಮತ್ತೆ ಎದ್ದು ಯಾರೂ ಸರಿಗಟ್ಟಲಾರದಂತೆ ಓಡೀತು ಎಂಬುದು ಈತನ ನಂಬಿಕೆ.

ಆರೈಕೆ ಹೇಗೆಂಬುದನ್ನೂ ಬರೆದಿಟ್ಟ. ಕೊರಕಲುಗಳ ಬಾಯಿಗೆ ಒಡ್ಡು ಹಾಕಿ, ಅಂಚಿಗೆ ಗಿಡ ನೆಡಬೇಕು. ದಿಣ್ಣೆಗಳ ಮೇಲೆ ಕೆರೆ ಕಟ್ಟಿ ಹಿಮದ ನೀರನ್ನು ತಡೆಯಬೇಕು. ಗಾಳಿಗೆ ಅಡ್ಡಲಾಗಿ ಬಯಲಿನಲ್ಲಿ ಮರಗಳ ಪಟ್ಟಿ ಬೆಳೆಸಬೇಕು. ಉಳುವ ನೆಲ, ಹುಲ್ಲು, ಕಾಡು, ನೀರು ಇವು ನಾಲ್ಕೂ ಒಂದಕ್ಕೊಂದು ತಕ್ಕ ಪ್ರಮಾಣದಲ್ಲಿರಬೇಕು. ಕೆರೆಗಳ ನಾಡಿನಲ್ಲಿ ಹುಟ್ಟಿದ ನಮಗೆ ಇದರಲ್ಲಿ ಕೆಲವು ಮಾತು ಅಜ್ಜನ ಮಾತಿನಂತೆ ಕೇಳಿಸುತ್ತದೆ. ಸರ್ಕಾರದ ಅರಣ್ಯ ಇಲಾಖೆ 1892ರಲ್ಲಿ ಡೊಕುಚಾಯೆವ್‌ನ ಮುಂದಾಳುತನದಲ್ಲಿ ವಿಶೇಷ ತಂಡವೊಂದನ್ನು ಕಳುಹಿಸಿತು. ಮೂರು ಕಡೆ ಪ್ರಯೋಗ ನಡೆಯಿತು. ಅವುಗಳಲ್ಲಿ ಒಂದು ವೊರೊನೆಷ್ ಪ್ರಾಂತ್ಯದ ‘ಕಾಮೆನ್ನಯಾ ಸ್ಟೆಪ್’, ಎಂದರೆ ಕಲ್ಲು ಸ್ಟೆಪ್. ಬರಿಬಯಲಿನಲ್ಲಿ ಓಕ್ ಮುಂತಾದ ಮರಗಳನ್ನು ಸಾಲುಸಾಲಾಗಿ ನೆಟ್ಟರು, ಕೆರೆ ಕಟ್ಟಿದರು, ಮಳೆ, ಗಾಳಿ, ಬಾವಿಯ ನೀರು ಎಲ್ಲವನ್ನೂ ಅಳೆದು ಬರೆದಿಡುತ್ತ ಬಂದರು. ಸರ್ಕಾರದ ಉತ್ಸಾಹ ಬರದ ನೆನಪು ಇರುವಷ್ಟು ದಿನ ಮಾತ್ರ. ಆ ದಶಕ ಮುಗಿಯುವುದರೊಳಗೆ ತಂಡವನ್ನು ಮುಚ್ಚಿದರು. ಮರಗಳು ಮುಚ್ಚಲಿಲ್ಲ, ಈ ದಿನಕ್ಕೂ ಆ ಸಾಲುಗಳು ನಿಂತಿವೆ, ನಡುವೆ ಹೊಲಗಳು ಬೆಳೆಯುತ್ತವೆ. 1948ರಲ್ಲಿ ಸ್ಟಾಲಿನ್ ಸರ್ಕಾರ ದಕ್ಷಿಣ ರಷ್ಯದ ಉದ್ದಕ್ಕೂ ಇಂಥ ಮರಸಾಲುಗಳನ್ನು ನೆಡುವ ದೊಡ್ಡ ಯೋಜನೆ ಹೂಡಿದ್ದೂ, 1953ರಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಅದನ್ನು ಬಹುಮಟ್ಟಿಗೆ ಕೈಬಿಟ್ಟದ್ದೂ ಬೇರೆಯೇ ಕಥೆ.

ಡೊಕುಚಾಯೆವ್‌ನ ಕೊನೆಯ ದಿನಗಳು ಸುಖದವಲ್ಲ. 1892ರಿಂದ ಮೂರು ವರ್ಷ, ಇಂದಿನ ಪೋಲೆಂಡಿನಲ್ಲಿರುವ ನೊವೊ ಅಲೆಕ್ಸಾಂದ್ರಿಯಾದ ಬೇಸಾಯ ಮತ್ತು ಅರಣ್ಯ ವಿದ್ಯಾಲಯವನ್ನು ಸರಿಪಡಿಸುವ ಹೊಣೆ ಹೊತ್ತು ಮೈಯೂ ಮನಸ್ಸೂ ಬಳಲಿದ್ದುವು. 1897ರಲ್ಲಿ ಪತ್ನಿ ಅನ್ನಾ ತೀರಿಕೊಂಡಳು. ಆ ಪೆಟ್ಟಿನಿಂದ ಮನಸ್ಸು ಕದಡಿಹೋಯಿತು. ನಡುವೆ ಸ್ವಲ್ಪ ಗುಣವಾದಾಗ ಕಾಕಸಸ್ ಪರ್ವತಗಳಿಗೆ ಹೋಗಿ, ಬೆಟ್ಟ ಹತ್ತುತ್ತ ಹೋದಂತೆ ಮಣ್ಣೂ ಗಿಡವೂ ಉತ್ತರಕ್ಕೆ ಪಯಣ ಮಾಡಿದಂತೆಯೇ ಬದಲಾಗುವುದನ್ನು ಕಂಡು ಬರೆದ. 1900ರಲ್ಲಿ ಮೆಚ್ಚಿನ ಶಿಷ್ಯ ಸಿಬಿರ್ತ್ಸೆಫ್ ನಲವತ್ತು ತುಂಬುವ ವಯಸ್ಸಿಗೇ ಗುರುವಿಗಿಂತ ಮೊದಲೇ ಹೊರಟುಹೋದ. 1903ರಲ್ಲಿ ಡೊಕುಚಾಯೆವ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಣ್ಮುಚ್ಚಿದ. ಆಗ ಈತನ ಹೆಸರು ರಷ್ಯದಾಚೆ ಬಲ್ಲವರು ವಿರಳ. ಶಿಷ್ಯ ಗ್ಲಿಂಕಾ 1914ರಲ್ಲಿ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದು, ಅದನ್ನು ಅಮೆರಿಕದ ಮಾರ್ಬಟ್ 1927ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಲೋಕಕ್ಕೆಲ್ಲ ತಿಳಿಯಿತು. ಅದರೊಂದಿಗೆ ರಷ್ಯದ ರೈತರ ಮಾತುಗಳೂ ಲೋಕವನ್ನು ಸುತ್ತಿದುವು. ಕಪ್ಪು ನೆಲಕ್ಕೆ ಚೆರ್ನೊಜ಼ೆಮ್, ಉತ್ತರದ ಕಾಡಿನ ಬೂದಿ ಮಣ್ಣಿಗೆ ಪೊಡ್ಜ಼ೋಲ್, ಚೌಳಿಗೆ ಸೊಲೊನ್‌ಚಾಕ್ ಎಂದು ಇಂದಿಗೂ ವಿಜ್ಞಾನಿಗಳು ಹೇಳುತ್ತಾರೆ. ಎರೆ, ಮಸಾರಿ, ಚೌಳು ಎಂದು ನಮ್ಮ ಒಕ್ಕಲಿಗರು ಹೆಸರಿಟ್ಟು ಕರೆಯುತ್ತಿರುವುದೂ ಇದೇ ಬಗೆಯ ಅರಿವಿನಿಂದಲೇ.

ಹಾಗಾದರೆ ಧಾರವಾಡ, ಬಿಜಾಪುರದ ನಮ್ಮ ಎರೆಯೂ ರಷ್ಯದ ಚೆರ್ನೊಜ಼ೆಮ್ ಜಾತಿಯದೇ ಎಂದು ನೀವು ಕೇಳಬಹುದು. ಅಲ್ಲ. ಬಣ್ಣ ಒಂದಾದ ಮಾತ್ರಕ್ಕೆ ಕುಲ ಒಂದಾಗಲಿಲ್ಲ. ಚೆರ್ನೊಜ಼ೆಮ್ಮಿನಲ್ಲಿ ಹ್ಯೂಮಸ್ಸು ನೂರಕ್ಕೆ 4ರಿಂದ ಹಿಡಿದು 10ಕ್ಕೂ ಮಿಕ್ಕಿ ಇರುತ್ತದೆ. ಚಳಿನಾಡಿನಲ್ಲಿ ಕೊಳೆಯುವುದು ನಿಧಾನ, ಆದ್ದರಿಂದ ಸಾರ ಕೂಡುತ್ತ ಹೋಗುತ್ತದೆ. ನಮ್ಮ ಬಿಸಿಲಿನಲ್ಲಿ ಅದು ಬೇಗ ಉರಿದುಹೋಗುತ್ತದೆ. ಎರೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ 1ರ ಆಸುಪಾಸು, ಹಲವೆಡೆ ಅದಕ್ಕೂ ಕಡಮೆ. ಎರೆಯ ಗುಣವೆಲ್ಲ ಅದರ ಜೇಡಿಯಲ್ಲಿದೆ. ಮಳೆಗೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುವುದು, ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರಿಯುವುದು, ಹಿಂಗಾರಿನ ಜೋಳಕ್ಕೆ ತಿಂಗಳುಗಟ್ಟಲೆ ತೇವ ಕಾಯುವುದು, ಎಲ್ಲವೂ ಆ ಜೇಡಿಯ ಪ್ರಭಾವ.

ಬಿಜಾಪುರದ ಎರೆಯ ಕೆಳಗೆ ಕಪ್ಪು ಬಸಾಲ್ಟ್ ಕಲ್ಲಿದೆ, ನಿಜ. ಆದರೆ ರಾಯಚೂರಿನ ಕಡೆ ಬಸಾಲ್ಟ್ ಇಲ್ಲದ ಬಯಲಿಗೆ ಹೋಗಿ ನೋಡಿ. ತಳದಲ್ಲಿ ಬಿಳಿಚು ಕಣಶಿಲೆ; ದಿಬ್ಬದ ನೆತ್ತಿಯಲ್ಲಿ ಅದರ ಮೇಲೆ ಕೆಂಪು ಮಸಾರಿ, ನೀರು ಇಳಿದು ಬಂದು ನಿಲ್ಲುವ ತಗ್ಗಿನಲ್ಲಿ ಅದೇ ಕಲ್ಲಿನ ಮೇಲೆ ಕಪ್ಪು ಎರೆ. ಮೇಲಿನಿಂದ ಕೆಳಕ್ಕೆ ನಡೆದು ಬರಲು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಡ.